ಕಾಲುವೆ ನೀರಿನ ಜೊತೆ ಬಂದ ಸಭೆ: ಜನ ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪಿನಲ್ಲಿ, ಅಂದರೆ ಕಾಲುವೆ ನೀರು ನಂಬಿ ಬಂದವರು ಕಟ್ಟಿಕೊಂಡ ಊರಿನಲ್ಲಿ, ನಮ್ಮ ಲೂಥರನ್ ಸಭೆ ಇದೆ. ಸಭೆ ಅಂದರೆ ನಮ್ಮಲ್ಲಿ ಚರ್ಚು, ಅಲ್ಲಿ ಸೇರುವ ಜನ. ದೊಡ್ಡದೇನಲ್ಲ. ಕ್ರಿಸ್ಮಸ್ ದಿನ ಚಾಪೆ ಸಾಲದೆ ಪಕ್ಕದ ಮನೆಗಳಿಂದ ತರುತ್ತೇವೆ. ಭತ್ತ ನಾಟಿ ಸಮಯದಲ್ಲಿ ಅರ್ಧ ಚಾಪೆಗಳು ಮೂಲೆಯಲ್ಲಿ ಸುತ್ತಿಕೊಂಡೇ ಇರುತ್ತವೆ. ನಾನು ಈ ಸಭೆಯ ಕಾರ್ಯದರ್ಶಿ. ಹೊಟ್ಟೆಪಾಡಿಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ವರ್ಷಗಟ್ಟಲೆ ಕೇಳಿಸಿಕೊಂಡ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ದೇವಶಾಸ್ತ್ರ ಓದಿದವಳಲ್ಲ. ಎಲ್ಲಾದರೂ ತಪ್ಪಿದ್ದರೆ ನಮ್ಮ ಪಾಸ್ಟರ್ ತಿದ್ದುತ್ತಾರೆ. ತಿದ್ದೋದು ಅವರಿಗೆ ಇಷ್ಟ ಕೂಡ.

ಲೂಥರನ್ ಅಂದ್ರೆ ಏನು? ಕ್ರಿಶ್ಚಿಯನ್ ಅಂದ್ರೆ ಸಾಲಲ್ವಾ?

ಸಾಲುತ್ತದೆ. ನಾವು ಮೊದಲು ಕ್ರೈಸ್ತರು, ಆಮೇಲೆ ಲೂಥರನ್ನರು. ಮಾರ್ಟಿನ್ ಲೂಥರ್ ಅವರಿಗೇ ಈ ಹೆಸರು ಹಿಡಿಸಿರಲಿಲ್ಲ. ನನ್ನ ಹೆಸರು ಇಟ್ಟುಕೊಳ್ಳಬೇಡಿ, ಕ್ರೈಸ್ತರು ಅಂತ ಕರೆದುಕೊಳ್ಳಿ ಎಂದು 1522ರಲ್ಲೇ ಬರೆದಿದ್ದರು. ಆದರೆ ವಿರೋಧಿಗಳು ಹೀಯಾಳಿಸೋಕೆ ಅಂತ ಕರೆದ ಹೆಸರೇ ಅಂಟಿಕೊಂಡಿತು. ಊರಲ್ಲಿ ಬಿದ್ದ ಅಡ್ಡಹೆಸರು ಕೊನೆಗೆ ರೇಷನ್ ಕಾರ್ಡಿನಲ್ಲೂ ಬರುತ್ತದಲ್ಲ, ಹಾಗೆ. ಈಗ ಜಗತ್ತಿನಲ್ಲಿ ಏಳು ಕೋಟಿಗೂ ಹೆಚ್ಚು ಲೂಥರನ್ನರಿದ್ದಾರೆ. ನಮ್ಮ ಕ್ಯಾಂಪಿನ ಹಿರಿಯರ ಬಾಯಲ್ಲಿ ಅದು 'ಲೂದರನ್'. ಅಕ್ಕಪಕ್ಕದ ಹಳ್ಳಿಯವರಿಗೆ ನಾವು 'ಏಸಪ್ಪನ ಗುಡಿಯವರು'.

ಅಂದ್ರೆ ಆ ಅಮೆರಿಕದ ಮಾರ್ಟಿನ್ ಲೂಥರ್ ಕಿಂಗ್ ಅವರಾ?

ಅಲ್ಲ. ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯಾದರೂ ಕೇಳುತ್ತಾನೆ. ಕಿಂಗ್ ಅವರು ಬ್ಯಾಪ್ಟಿಸ್ಟ್ ಸಭೆಯವರು. ಅವರ ತಂದೆ 1934ರಲ್ಲಿ ಜರ್ಮನಿಗೆ ಹೋಗಿ ಬಂದವರು, ತಮ್ಮ ಹೆಸರನ್ನೂ ಮಗನ ಹೆಸರನ್ನೂ ಲೂಥರ್ ನೆನಪಿಗೆ ಬದಲಾಯಿಸಿದರು. ಇಬ್ಬರ ನಡುವೆ ಇರುವುದು ಹೆಸರಿನ ನಂಟು ಮಾತ್ರ.

ಹಾಗಾದರೆ ಈ ಲೂಥರ್ ಮಾಡಿದ್ದೇನು?

ಲೂಥರ್ 1483ರಲ್ಲಿ ಜರ್ಮನಿಯ ಐಸ್ಲೆಬೆನ್ ಊರಲ್ಲಿ ಹುಟ್ಟಿದರು. ಸನ್ಯಾಸಿಯಾದರು, ವಿಟನ್‌ಬರ್ಗ್‌ನಲ್ಲಿ ಪಾಠ ಹೇಳುತ್ತಿದ್ದರು. ಆಗ ಪಾಪದ ಶಿಕ್ಷೆ ಕಡಿಮೆಯಾಗುತ್ತದೆ ಎಂದು ಚೀಟಿ ಮಾರುವ ಪದ್ಧತಿ ಇತ್ತು. ಆ ದುಡ್ಡಿನಲ್ಲಿ ಒಂದು ಪಾಲು ರೋಮಿನಲ್ಲಿ ಸಂತ ಪೇತ್ರರ ದೇವಾಲಯ ಕಟ್ಟೋಕೆ ಹೋಗುತ್ತಿತ್ತು. ಬಡವರು ಹೊಟ್ಟೆ ಕಟ್ಟಿ ಉಳಿಸಿದ ಕಾಸು ಕೊಟ್ಟು ಸತ್ತ ತಂದೆತಾಯಿ ಹೆಸರಲ್ಲೂ ಚೀಟಿ ಕೊಳ್ಳುತ್ತಿದ್ದರು. 1517ರ ಅಕ್ಟೋಬರ್ 31ರಂದು ಲೂಥರ್ ಇದರ ವಿರುದ್ಧ 95 ಮಾತುಗಳನ್ನು ಬರೆದು ಚರ್ಚೆಗೆ ಕರೆದರು. ಚರ್ಚಿನ ಬಾಗಿಲಿಗೆ ಮೊಳೆ ಹೊಡೆದು ಅಂಟಿಸಿದರು ಅನ್ನುತ್ತಾರೆ. ಅದರ ಬಗ್ಗೆ ಇತಿಹಾಸ ಬಲ್ಲವರು ಇವತ್ತಿಗೂ ವಾದ ಮಾಡುತ್ತಾರೆ. ಆರ್ಚ್‌ಬಿಷಪ್‌ಗೆ ಆ ದಿನ ಪತ್ರ ಬರೆದದ್ದು ಮಾತ್ರ ಖಚಿತ.

1521ರಲ್ಲಿ ಚಕ್ರವರ್ತಿಯ ಮುಂದೆ ನಿಲ್ಲಿಸಿ, ಬರೆದದ್ದನ್ನು ವಾಪಸ್ ತಗೋ ಎಂದರು. ಇವರು ತಗೊಳ್ಳಲಿಲ್ಲ. ಅವರನ್ನು ಕಾಪಾಡಬೇಕೆಂದಿದ್ದ ದೊರೆ ಒಂದು ಕೋಟೆಯಲ್ಲಿ ಬಚ್ಚಿಟ್ಟ. ಅಲ್ಲಿ ಕೂತು ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದರು. ಅದು 1522ರಲ್ಲಿ ಅಚ್ಚಾಯಿತು, ಇಡೀ ಸತ್ಯವೇದ, ಅಂದರೆ ಬೈಬಲ್, 1534ರಲ್ಲಿ. ನನಗೆ ಕೇಳಿದರೆ ಮೊಳೆಗಿಂತ ಇದು ದೊಡ್ಡ ಕೆಲಸ. ಯಾಕೆ ಅಂತ ಭಾಷೆಯ ಪ್ರಶ್ನೆಗೆ ಬಂದಾಗ ಹೇಳುತ್ತೇನೆ.

ನಿಮ್ಮ ನಂಬಿಕೆಯನ್ನು ಎರಡು ಮಾತಿನಲ್ಲಿ ಹೇಳಿ ನೋಡೋಣ.

ದೇವರ ಮುಂದೆ ಮನುಷ್ಯ ಸರಿಯಾಗಿ ನಿಲ್ಲುವುದು ತಾನು ಮಾಡಿದ ಪುಣ್ಯದ ಲೆಕ್ಕದಿಂದಲ್ಲ, ಕ್ರಿಸ್ತನಲ್ಲಿ ದೇವರು ಸುಮ್ಮನೆ ಕೊಟ್ಟ ಕೃಪೆಯಿಂದ. ಅದನ್ನು ನಂಬಿಕೆಯಿಂದ ಪಡೆದುಕೊಳ್ಳುತ್ತೇವೆ. ಅಷ್ಟೇ.

'ಹಾಗಾದರೆ ಒಳ್ಳೆ ಕೆಲಸ ಮಾಡೋದು ಬೇಡವಾ?' ಅನ್ನೋದು ಮರುಪ್ರಶ್ನೆ. ಬೇಕು. ಆದರೆ ಸಂಬಳಕ್ಕಾಗಿ ಅಲ್ಲ. ನಮ್ಮ ಪಾಸ್ಟರ್ ಒಮ್ಮೆ ಇದನ್ನು ಕಾಲುವೆ ಹೋಲಿಕೆಯಲ್ಲಿ ಹೇಳಿದರು: ಡ್ಯಾಮಿನ ನೀರು ನಾವು ದುಡಿದು ತಂದದ್ದಲ್ಲ, ಬಿಟ್ಟಾಗ ಬರುತ್ತದೆ, ಕಾಲುವೆಯ ಕೊನೆಯಲ್ಲಿರುವ ಟೇಲ್‌ಎಂಡ್ ರೈತನಿಗೂ ಬರುತ್ತದೆ. ಹಿಂದೆ ಕೂತಿದ್ದ ನಮ್ಮ ಚಿಕ್ಕಪ್ಪ, 'ಬರಲ್ಲ ಅಯ್ಯನೋರೇ, ಮೇಲಿನವರು ಪೈಪ್ ಹಾಕ್ಕೊಂಡು ಎತ್ತಿಬಿಡ್ತಾರೆ' ಅಂದರು. ಪಾಸ್ಟರ್ ಆ ಹೋಲಿಕೆಯನ್ನು ಮತ್ತೆ ಬಳಸಲಿಲ್ಲ. ಕೃಪೆಗೆ ಯಾರೂ ಪೈಪ್ ಹಾಕೋಕೆ ಆಗಲ್ಲ ಎಂದಿದ್ದರೆ ಸಾಕಿತ್ತು, ಆ ಹೊತ್ತಿಗೆ ಹೊಳೆಯಲಿಲ್ಲ ಅಂತ ಕಾಣುತ್ತದೆ.

ಜರ್ಮನಿಯಲ್ಲಿ ಹುಟ್ಟಿದ್ದು ಸಿಂಧನೂರಿಗೆ ಹೇಗೆ ಬಂತು?

ಸುತ್ತುಬಳಸಿ ಬಂತು. ಭಾರತಕ್ಕೆ ಮೊದಲು ಬಂದ ಲೂಥರನ್ ಮಿಷನರಿಗಳು ಸೀಗನ್‌ಬಾಲ್ಗ್ ಮತ್ತು ಪ್ಲುಟ್‌ಶೌ. 1706ರ ಜುಲೈ 9ರಂದು ತಮಿಳುನಾಡಿನ ತರಂಗಂಬಾಡಿಯಲ್ಲಿ ಇಳಿದರು. ಅವರನ್ನು ಕಳಿಸಿದ್ದು ಡೆನ್ಮಾರ್ಕಿನ ರಾಜ. ಸೀಗನ್‌ಬಾಲ್ಗ್ ತಮಿಳು ಕಲಿತು ಹೊಸ ಒಡಂಬಡಿಕೆಯನ್ನು ತಮಿಳಿನಲ್ಲಿ ಅಚ್ಚು ಹಾಕಿಸಿದರು. ಮೂವತ್ತಾರು ವರ್ಷಕ್ಕೇ ತೀರಿಹೋದರು.

ನಮ್ಮ ಕಥೆ ತಮಿಳು ಕಡೆಯದಲ್ಲ, ಗುಂಟೂರಿನದು. 1842ರ ಜುಲೈ 31ರಂದು ಹಾಯರ್ ಎಂಬ ಪಾಸ್ಟರ್ ಗುಂಟೂರಿಗೆ ಬಂದರು. ಹುಟ್ಟಿದ್ದು ಜರ್ಮನಿಯಲ್ಲಿ, ಕಳಿಸಿದ್ದು ಅಮೆರಿಕದ ಲೂಥರನ್ನರು. ಆಗಲೇ ಅವರಿಗೆ ನಲವತ್ತೊಂಬತ್ತು ವರ್ಷ. ಸಾಲದ್ದಕ್ಕೆ 1869ರಲ್ಲಿ, ಎಪ್ಪತ್ತಾರನೇ ವಯಸ್ಸಿನಲ್ಲಿ, ಮತ್ತೆ ಹಡಗು ಹತ್ತಿ ರಾಜಮಂಡ್ರಿ ಕಡೆಯ ಕೆಲಸ ನೋಡಿಕೊಳ್ಳಲು ಬಂದರು. ರಿಟೈರ್ ಆಗೋಕೆ ಎಷ್ಟು ವರ್ಷ ಉಳೀತು ಅಂತ ಎಣಿಸುವ ನಾನು ಇದನ್ನು ಓದಿ ಸುಮ್ಮನಾಗಿದ್ದೇನೆ. ಗುಂಟೂರಿನಲ್ಲಿ ಶಾಲೆ, ಕಾಲೇಜು ಬಂದವು. 1883ರಲ್ಲಿ ಬಂದ ಡಾಕ್ಟರ್ ಆನಾ ಕೂಗ್ಲರ್ ಹೆಂಗಸರಿಗಾಗಿ ಆಸ್ಪತ್ರೆ ಕಟ್ಟಿದರು. ಈ ಸಭೆಗಳೆಲ್ಲ ಸೇರಿ 1927ರಲ್ಲಿ ಆಂಧ್ರ ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಆಯಿತು.

ಅಲ್ಲಿಂದ ಇಲ್ಲಿಗೆ ತಂದದ್ದು ಯಾವ ಮಿಷನರಿಯೂ ಅಲ್ಲ, ತುಂಗಭದ್ರೆ. ಹೊಸಪೇಟೆ ಹತ್ತಿರದ ಡ್ಯಾಮ್ 1953ರಲ್ಲಿ ಮುಗಿಯಿತು. ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರು ಜಿಲ್ಲೆಗಳ ಕಪ್ಪು ಮಣ್ಣಿಗೆ ನೀರು ತಂದಿತು. ಜೋಳ, ಹತ್ತಿ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ ಬೆಳೆಯೋಕೆ ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಬಂದು ಹೊಲ ಕೊಂಡರು. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಸುತ್ತ ಕ್ಯಾಂಪ್‌ಗಳು ಎದ್ದವು. ನಮ್ಮ ತಾಲ್ಲೂಕಿನಲ್ಲಿ ಆಮೇಲೆ ಬಂಗಾಳದಿಂದ ಬಂದವರ ಕ್ಯಾಂಪ್‌ಗಳೂ ಆದವು, ಅದು ಬೇರೆ ಕಥೆ. ಹೊಲ ಕೊಂಡವರ ಹಿಂದೆ ನಾಟಿ ಮಾಡಲು, ಕಳೆ ಕೀಳಲು ಕೂಲಿಯವರೂ ಬಂದರು. ನಮ್ಮ ತಾತ, ಅಮ್ಮಮ್ಮ ಬಂದದ್ದು ಹಾಗೆ. ಒಂದು ಟ್ರಂಕು, ಒಂದು ಸತ್ಯವೇದ, ತೆಲುಗು ಕೀರ್ತನೆಗಳ ಪುಸ್ತಕ, ಗೋಂಗೂರ ಬೀಜದ ಗಂಟು. ಇಲ್ಲಿಗೆ ಬಂದು ನೋಡಿದರೆ ಗೋಂಗೂರ ಇಲ್ಲಿ ಆಗಲೇ ಇತ್ತು. ಇಲ್ಲಿಯವರು ಅದನ್ನು ಪುಂಡಿಪಲ್ಯ ಅನ್ನುತ್ತಿದ್ದರು.

ಮೊದಲು ಬೇವಿನ ಮರದ ಕೆಳಗೆ ಸೇರುತ್ತಿದ್ದರು. ಆಮೇಲೆ ಭತ್ತದ ಹುಲ್ಲಿನ ಚಪ್ಪರ, ಆಮೇಲೆ ಶೀಟು. ಈಗಿನ ಆರ್‌ಸಿಸಿ ಕಟ್ಟಡಕ್ಕೆ ಒಂದೊಂದು ಸುಗ್ಗಿಗೆ ಒಂದೊಂದು ಗೋಡೆ ಎದ್ದಿತು. ಮುಂಬಾಗಿಲ ಮೇಲೆ ಲೂಥರ್ ಅವರ ಗುರುತು ಇದೆ: ಬಿಳಿ ಗುಲಾಬಿ, ಅದರೊಳಗೆ ಕೆಂಪು ಹೃದಯ, ಅದರೊಳಗೆ ಕಪ್ಪು ಶಿಲುಬೆ. ಪೇಂಟರ್ ಅದನ್ನು ದಾಸವಾಳ ಮಾಡಿಬಿಟ್ಟಿದ್ದಾನೆ. ಹಾಗೇ ಬಿಟ್ಟಿದ್ದೇವೆ.

ಬಳ್ಳಾರಿ, ರಾಯಚೂರಿನ ಹಳೇ ಚರ್ಚ್‌ಗಳೂ ನಿಮ್ಮವೇನಾ?

ಇಲ್ಲ. ಈ ಭಾಗದಲ್ಲಿ ನಾವೇ ತಡವಾಗಿ ಬಂದವರು. ಬಳ್ಳಾರಿಗೆ 1810ರಲ್ಲೇ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಬಂದಿದ್ದರು. ಇಡೀ ಸತ್ಯವೇದ ಮೊದಲ ಸಲ ಕನ್ನಡದಲ್ಲಿ ಬಂದದ್ದು ಬಳ್ಳಾರಿಯ ಆ ಕೆಲಸದಿಂದ, 1831ರಲ್ಲಿ. ನನ್ನ ಸ್ಟಾಫ್ ರೂಮಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ರಾಯಚೂರು ಕಡೆ ಮೆಥೊಡಿಸ್ಟ್ ಸಭೆಗಳು ಜಾಸ್ತಿ. ಬಳ್ಳಾರಿಯಲ್ಲಿ ಕ್ಯಾಥೋಲಿಕ್ ಬಿಷಪ್ ಇದ್ದಾರೆ.

ಮಂಗಳೂರು, ಧಾರವಾಡದ ಬಾಸೆಲ್ ಮಿಷನ್ ಬಗ್ಗೆಯೂ ಕೇಳುತ್ತಾರೆ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್ನಿನಲ್ಲಿ ಲೂಥರನ್ನರೂ ಇದ್ದರು, ಇನ್ನೊಂದು ಪ್ರಾಟೆಸ್ಟಂಟ್ ಪಂಥವಾದ ರಿಫಾರ್ಮ್ಡ್ ಸಭೆಯವರೂ ಇದ್ದರು. 1894ರ ನಿಘಂಟಿನ ಕಿಟೆಲ್ ಆ ಮಿಷನ್ನಿನವರು. ಹಾಗಾಗಿ ದೂರದ ನೆಂಟರು ಅನ್ನಬಹುದು. ಅವರ ಸಭೆಗಳು ಈಗ ಸಿಎಸ್‌ಐನಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) ಇವೆ. ಸಿಎಸ್‌ಐ ಆದದ್ದು 1947ರಲ್ಲಿ, ಆಂಗ್ಲಿಕನ್, ಮೆಥೊಡಿಸ್ಟ್ ಮುಂತಾದವರು ಒಂದಾಗಿ. ಆಂಧ್ರದ ಲೂಥರನ್ನರು ಅದಕ್ಕೆ ಸೇರಲಿಲ್ಲ. ಆದರೂ ನಮ್ಮ ಹುಡುಗಿಯರು ಸಿಎಸ್‌ಐ ಮನೆಗಳಿಗೆ ಸೊಸೆಯಾಗಿ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ.

ಕ್ಯಾಥೋಲಿಕರಿಗೂ ನಿಮಗೂ ಏನು ವ್ಯತ್ಯಾಸ? ಇನ್ನೂ ಜಗಳ ಇದೆಯಾ?

ನಮ್ಮಲ್ಲಿ ಪೋಪ್ ಇಲ್ಲ. ಪಾಸ್ಟರ್ ಮದುವೆ ಆಗುತ್ತಾರೆ. ಲೂಥರ್ ಕೂಡ 1525ರಲ್ಲಿ, ಮಠ ಬಿಟ್ಟು ಬಂದಿದ್ದ ಕ್ಯಾಥರೀನಾ ಅವರನ್ನು ಮದುವೆಯಾದರು. ಸಂಸ್ಕಾರಗಳು ಅವರಿಗೆ ಏಳು, ನಮಗೆ ಎರಡು: ನೀರಿನಿಂದ ಮಾಡುವ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಮತ್ತು ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ. ಸಂತರಿಗೆ ಪ್ರಾರ್ಥಿಸುವುದಿಲ್ಲ. ಯೇಸುವಿನ ತಾಯಿ ಮರಿಯಳ ಮೇಲೆ ಗೌರವ ಇದೆ, ಆದರೆ ಆಕೆಗೆ ಹರಕೆ ಕಟ್ಟುವುದಿಲ್ಲ.

ಜಗಳದ ವಿಷಯ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೋಲಿಕರೂ ಲೂಥರನ್ ಜಾಗತಿಕ ಒಕ್ಕೂಟದವರೂ ಒಂದು ಹೇಳಿಕೆಗೆ ಸಹಿ ಹಾಕಿದರು. ಯಾವ ಕೃಪೆಯ ವಿಷಯಕ್ಕೆ ಒಡೆದಿದ್ದರೋ ಅದರಲ್ಲಿ ಮೂಲ ಮಾತು ಒಂದೇ ಎಂದು ಒಪ್ಪಿಕೊಂಡರು. ಹತ್ತಿರತ್ತಿರ ಐನೂರು ವರ್ಷ ಹಿಡಿಯಿತು. ನಮ್ಮ ಕ್ಯಾಂಪಿನ ಬದು ಜಗಳಗಳು ಅಷ್ಟು ಹಳೆಯವಲ್ಲ, ಆದರೂ ಮುಗಿಯುವ ಲಕ್ಷಣ ಇಲ್ಲ.

ಏನೂ ಅರಿಯದ ಕೂಸಿಗೆ ದೀಕ್ಷಾಸ್ನಾನ ಯಾಕೆ?

ಪೆಂತೆಕೋಸ್ತ್ ಸಭೆಯವರು ಹೆಚ್ಚು ಕೇಳುವ ಪ್ರಶ್ನೆ ಇದು. ಅವರಲ್ಲಿ ದೊಡ್ಡವರಾದ ಮೇಲೆ, ತಾವಾಗಿ ನಂಬಿ, ನೀರಿನಲ್ಲಿ ಪೂರ್ತಿ ಮುಳುಗಬೇಕು. ನಮ್ಮಲ್ಲಿ ಕೂಸಿನ ತಲೆಗೆ ಮೂರು ಸಲ ನೀರು ಹಾಕಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಮಾಡುತ್ತಾರೆ. ಕೃಪೆ ಕೊಡುವವನು ದೇವರು ಅಂದ ಮೇಲೆ ತೆಗೆದುಕೊಳ್ಳುವವರ ಬುದ್ಧಿ ಎಷ್ಟು ಬಲಿತಿದೆ ಅಂತ ನೋಡುವುದೇಕೆ? ಕೂಸು ತಾಯಿ ಹಾಲು ಕುಡಿಯುವ ಮುಂಚೆ ತಾಯಿ ಯಾರು ಅಂತ ತಿಳಿದು ಕುಡಿಯುತ್ತದಾ? ಇದು ನನ್ನ ಮಾತಲ್ಲ, ಅಮ್ಮಮ್ಮನದು.

ನೀವು ಕೊಡುವ ರೊಟ್ಟಿ, ದ್ರಾಕ್ಷಾರಸ ಏನು? ಪ್ರಸಾದನಾ?

ನಮಗೆ ಅದು ಪ್ರಸಾದಕ್ಕಿಂತ ಹೆಚ್ಚು. ರೊಟ್ಟಿ ರೊಟ್ಟಿಯಾಗಿಯೇ ಇರುತ್ತದೆ, ರಸ ರಸವಾಗಿಯೇ ಇರುತ್ತದೆ. ಆದರೆ ಕ್ರಿಸ್ತನ ದೇಹವೂ ರಕ್ತವೂ ಅದರಲ್ಲಿ ನಿಜವಾಗಿ ಇವೆ ಎಂದು ನಂಬುತ್ತೇವೆ. ಹೇಗೆ ಅಂತ ಲೆಕ್ಕ ಬಿಡಿಸಿ ತೋರಿಸೋಕೆ ಹೋಗಲ್ಲ. ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಕೊಡುತ್ತಾರೆ.

ಇದರ ಬಗ್ಗೆ ಒಂದು ಮಾತು ಹೇಳಬೇಕು. ಮೊದಲು ನಮ್ಮಲ್ಲಿ ಒಂದೇ ಬಟ್ಟಲು ಇತ್ತು. ಎಲ್ಲರೂ ಅದರಿಂದಲೇ ಒಂದೊಂದು ಗುಟುಕು. ಕೊರೊನಾ ಬಂದ ಮೇಲೆ ಪುಟ್ಟ ಪುಟ್ಟ ಕಪ್‌ಗಳು ಬಂದವು. ನಾನೇ ಕೊಪ್ಪಳದಿಂದ ತರಿಸಿದ್ದೆ, ಒಳ್ಳೆ ಕೆಲಸ ಮಾಡಿದೆ ಅಂತ ಹೆಮ್ಮೆ. ಮೊದಲ ದಿನ ಅಮ್ಮಮ್ಮ ಆ ಟ್ರೇ ನೋಡಿ ಕೈ ಚಾಚಲಿಲ್ಲ. ಮನೆಗೆ ಬಂದು ಕೇಳಿದರು, 'ಮತ್ತೆ ಬೇರೆ ಬೇರೆ ಲೋಟನಾ?'

ಅವರು ಹುಡುಗಿಯಾಗಿದ್ದಾಗ ಹೋಟೆಲಿನ ಹೊರಗೆ ಗೋಡೆ ಬದಿ ಕೂತು, ತಮಗೆ ಅಂತ ಬೇರೆ ಇಟ್ಟ ಲೋಟದಲ್ಲಿ ಚಹಾ ಕುಡಿದು, ತಾವೇ ತೊಳೆದಿಟ್ಟು ಬಂದವರು. ಅವರ ಮಟ್ಟಿಗೆ ಸಭೆ ಅಂದರೆ ಲೂಥರ್ ಅಲ್ಲ, 95 ಮಾತುಗಳೂ ಅಲ್ಲ. ಊರಿನ ಯಾವ ಕಡೆಯಿಂದ ಬಂದವರೂ ಬಾಯಿ ಇಟ್ಟ ಬಟ್ಟಲಿಗೇ ತಾನೂ ಬಾಯಿ ಇಡುವುದು. ವೈರಸ್ ಬಗ್ಗೆ ಹೇಳಿದೆ. ಕೇಳಿಸಿಕೊಂಡರು, ಒಪ್ಪಲಿಲ್ಲ. ಈಗ ನಮ್ಮಲ್ಲಿ ಎರಡೂ ಇವೆ. ಒಂದು ಬದಿ ಕಪ್, ಒಂದು ಬದಿ ಬಟ್ಟಲು. ನಾನು ಬಟ್ಟಲಿನ ಬದಿಗೇ ನಿಲ್ಲುತ್ತೇನೆ.

ಹಾಗಾದರೆ ನಿಮ್ಮಲ್ಲಿ ಜಾತಿ ಇಲ್ಲ?

ನಂಬಿಕೆಯಲ್ಲಿ ಇಲ್ಲ. ಸಂಬಂಧ ಮಾತಾಡುವಾಗ ಇದೆ. ಹೆಣ್ಣು ನೋಡಲು ಬಂದವರು ಕಾಫಿ ಮುಗಿಯುವ ಮೊದಲೇ 'ನೀವು ಮೂಲ ಯಾವ ಕಡೆಯವರು?' ಅನ್ನುತ್ತಾರಲ್ಲ, ಅವರು ಕೇಳುತ್ತಿರುವುದು ಊರನ್ನಲ್ಲ. ಗುಂಟೂರು ಕಡೆಯ ಲೂಥರನ್ ಸಭೆಗಳಲ್ಲಿ ಹೆಚ್ಚಿನವರು ಮಾಲ, ಮಾದಿಗ ಕೇರಿಗಳಿಂದ ಬಂದವರು. ಅದನ್ನು ಮುಚ್ಚಿಡುವುದಕ್ಕಿಂತ ಹೇಳಿಬಿಡುವುದೇ ಒಳ್ಳೇದು ಅನ್ನುವವಳು ನಾನು.

ಸರ್ಕಾರದ ಲೆಕ್ಕ ಇನ್ನೊಂದು ಥರ. 1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿ ಅಂದರೆ ಹಿಂದೂಗಳು ಮಾತ್ರ ಎಂದಿತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಸೇರಿಲ್ಲ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ-1ರಲ್ಲಿ ಬರುತ್ತಾರೆ, ಉಳಿದ ಕ್ರೈಸ್ತರು 3ಬಿಯಲ್ಲಿ. ಸರ್ಟಿಫಿಕೇಟ್ ಮಾಡಿಸುವಾಗ ಇದನ್ನು ಬರೆದುಕೊಂಡು ಹೋಗಿ. ಕೌಂಟರಿನಲ್ಲಿ ಕೂತವರಿಗೂ ಎಷ್ಟೋ ಸಲ ಗೊತ್ತಿರಲ್ಲ.

ಆರಾಧನೆ ತೆಲುಗಿನಲ್ಲಾ, ಕನ್ನಡದಲ್ಲಾ?

ಇದನ್ನು ಸಭೆಯ ಒಳಗೆ ನಿಂತು ಜೋರಾಗಿ ಕೇಳಬೇಡಿ.

ಅಮ್ಮಮ್ಮನ ಕಾಲದಲ್ಲಿ ಎಲ್ಲ ತೆಲುಗು. ನಮ್ಮ ಕಾಲದಲ್ಲೂ ಹಾಗೇ. ಆದರೆ ಕ್ಯಾಂಪಿನ ಶಾಲೆಯಲ್ಲಿ ಕಲಿಸುವುದು ಕನ್ನಡ. ನಮ್ಮ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುತ್ತಾರೆ, ತೆಲುಗು ಓದಲು ಬರಲ್ಲ. ಎರಡೂ ಲಿಪಿಗಳು ಅಕ್ಕತಂಗಿಯರ ಹಾಗೆ ಇದ್ದರೂ ಪುಸ್ತಕ ಕೊಟ್ಟರೆ ತಡವರಿಸುತ್ತಾರೆ. ಅದಕ್ಕೆ ಗಾಯನ ತಂಡದ ಹುಡುಗರು ತೆಲುಗು ಕೀರ್ತನೆಗಳನ್ನು ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಾರೆ. ಇನ್ನು ಲಿಂಗಸೂಗೂರಿನಿಂದ ಬಂದ ಒಬ್ಬ ಸೊಸೆ. ಮನೆಮಾತು ಕನ್ನಡ. ಎರಡು ವರ್ಷ ಎಲ್ಲ ಹಾಡಿಗೂ ಸುಮ್ನೆ ತುಟಿ ಅಲ್ಲಾಡಿಸುತ್ತಾ ಕೂತಿದ್ದಳಂತೆ. ಅದನ್ನು ಅವಳು ನನಗೆ ಹೇಳಿದ್ದು ಕಾಲುವೆ ಹತ್ತಿರ ಬಟ್ಟೆ ಒಗೆಯುವಾಗ.

ವಾರ್ಷಿಕ ಸಭೆಯಲ್ಲಿ ನಾನು ಎದ್ದು ನಿಂತೆ. ಲೂಥರ್ 1530ರಲ್ಲಿ ಬರೆದ ಮಾತು ಹೇಳಿದೆ: ಅನುವಾದ ಮಾಡುವಾಗ ಲ್ಯಾಟಿನ್ ಪುಸ್ತಕ ಕೇಳಬೇಡಿ, ಮನೆಯ ತಾಯಿಯನ್ನು, ಬೀದಿಯ ಮಕ್ಕಳನ್ನು, ಸಂತೆಯ ಮನುಷ್ಯನನ್ನು ಕೇಳಿ, ಅವರು ಹೇಗೆ ಮಾತಾಡುತ್ತಾರೋ ಹಾಗೆ ಬರೆಯಿರಿ ಎಂಬ ಅರ್ಥದ ಮಾತು. ಸಿಂಧನೂರು ಸಂತೆಯಲ್ಲಿ ಮಾತಾಡುವುದು ಕನ್ನಡ ಅಲ್ವಾ, ಅಂದೆ. ಹಿರಿಯರೊಬ್ಬರು ಎದ್ದರು. 'ಟೀಚರಮ್ಮ, ಸಂತೆ ಸರಿ. ನಮ್ಮ ಮನೆ ತಾಯಿ ಮಾತ್ರ ತೆಲುಗಿನಲ್ಲೇ ಬೈತಾಳೆ' ಅಂದು ಕೂತರು. ಎಲ್ಲರೂ ನಕ್ಕರು. ನನ್ನ ಮಾತು ಅಲ್ಲಿಗೇ ಬಿತ್ತು.

ಆ ಮೇಲೆ ಯೋಚಿಸಿದೆ. ಅವರದೂ ಲೂಥರ್ ಮಾತೇ. ಗುಂಟೂರಿನಲ್ಲಿ ದೇವರ ಮಾತು ಅವರ ಕೇರಿಗೆ ಅವರದೇ ಭಾಷೆಯಲ್ಲಿ ಬಂತು. ಅಕ್ಷರ ಕೊಡದ ಊರಿನಲ್ಲಿ ಅವರ ಅಜ್ಜಂದಿರು ಓದಲು ಕಲಿತದ್ದೇ ಆ ಪುಸ್ತಕ ಹಿಡಿದು. ಅದನ್ನು ಬಿಟ್ಟುಕೊಡಿ ಅಂದರೆ ಕೊಡುತ್ತಾರಾ? ಇನ್ನೊಂದು ಕಡೆ ನಮ್ಮ ಶಾಲೆಯ ಸಹೋದ್ಯೋಗಿ ಒಬ್ಬರು, ಮಾನ್ವಿಯವರು, ಹೇಳಿದರು: 'ನಿಮ್ಮ ಲೂಥರ್ ಬೇಕಾಗಿಲ್ರೀ. ನಮ್ಮೂರ ಜಗನ್ನಾಥದಾಸರು, ಚೀಕಲಪರವಿಯ ವಿಜಯದಾಸರು ಇದನ್ನೇ ಮಾಡಿದ್ದು. ಸಂಸ್ಕೃತ ಪಕ್ಕಕ್ಕಿಟ್ಟು ಕನ್ನಡದಲ್ಲಿ ಹಾಡಿದರು.' ಅದೂ ನಿಜವೇ.

ಕನ್ನಡ ಆರಾಧನೆ ಶುರುವಾಗಿದ್ದು ಸದ್ದಿಲ್ಲದೆ. ಒಂದು ಭಾನುವಾರ ಆ ಸೊಸೆಗೆ ಸತ್ಯವೇದ ಓದಲು ಹೇಳಿದೆವು. 23ನೇ ಕೀರ್ತನೆ, 'ಯೆಹೋವನು ನನಗೆ ಕುರುಬನು'. ಮೈಕ್ ಹೊರಗೆ ಕೇಳುತ್ತಿತ್ತು. ಸಂಜೆ ಕುರಿ ಹೊಡಕೊಂಡು ಬರುತ್ತಿದ್ದ ಪಕ್ಕದ ಹಳ್ಳಿಯ ಯಜಮಾನರು ನಿಲ್ಲಿಸಿ ಕೇಳಿದರು, 'ಅಲ್ಲಬೇ, ನಿಮ್ಮ ದೇವರು ನಮ್ಮಾವನಾ?' ಅರವತ್ತು ವರ್ಷಗಳ ತೆಲುಗು ಆರಾಧನೆಯಲ್ಲಿ ಹೊರಗಿನವರು ಯಾರೂ ಹೀಗೆ ನಿಂತು ಕೇಳಿರಲಿಲ್ಲ.

ಮಕ್ಕಳಿಗೆ ಏನು ಕಲಿಸುತ್ತೀರಿ?

ಭಾನುವಾರ ಸಂಡೇಸ್ಕೂಲ್ ಇದೆ. ಹದಿನಾಲ್ಕು ವರ್ಷದ ಸುಮಾರಿಗೆ, ತಮ್ಮ ನಂಬಿಕೆಯನ್ನು ತಾವೇ ಹೇಳಿಕೊಳ್ಳುವ ದೃಢೀಕರಣದ ಪಾಠ. ಅದಕ್ಕೆ ಇವತ್ತಿಗೂ ಲೂಥರ್ 1529ರಲ್ಲಿ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕವೇ ಆಧಾರ. ಅದರ ಹಿಂದಿನ ವರ್ಷ ಲೂಥರ್ ಹಳ್ಳಿಗಳ ಸಭೆಗಳನ್ನು ನೋಡಲು ಹೋಗಿದ್ದರು. ಜನರಿಗೆ ಕರ್ತನ ಪ್ರಾರ್ಥನೆಯೂ ಬಾರದು, ಕೆಲವು ಪಾದ್ರಿಗಳಿಗೂ ಬಾರದು. ಸಿಟ್ಟಿನಲ್ಲಿ ಬಂದು ಬರೆದದ್ದು ಅದು. ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ, ಪಾಪದ ಅರಿಕೆ, ಕರ್ತನ ಭೋಜನ. ಪ್ರತಿ ಮಾತಿಗೂ 'ಇದರ ಅರ್ಥವೇನು?' ಎಂಬ ಪ್ರಶ್ನೆ, ಕೆಳಗೆ ಚಿಕ್ಕ ಉತ್ತರ. ಪ್ರಶ್ನೆ ಕೇಳಿಸಿಕೊಂಡು ಉತ್ತರ ಬರೆಯುವುದು ನಮ್ಮ ಮನೆತನದ ಚಟ ಅಂತಾಯಿತು.

ಹಬ್ಬಗಳು ಯಾವುವು?

ಕ್ರಿಸ್ಮಸ್, ಶುಭ ಶುಕ್ರವಾರ, ಪುನರುತ್ಥಾನ ಹಬ್ಬ ಎಲ್ಲರಿಗೂ ಗೊತ್ತು. ಡಿಸೆಂಬರಿನಲ್ಲಿ ಟ್ರ್ಯಾಕ್ಟರಿಗೆ ನಕ್ಷತ್ರ ಕಟ್ಟಿ ಕ್ಯಾಂಪಿಂದ ಕ್ಯಾಂಪಿಗೆ ಹಾಡುತ್ತಾ ಹೋಗುತ್ತಾರೆ. ಬೆಳಗಿನ ಜಾವ ವಾಪಸ್ ಬಂದು ಒಗ್ಗರಣೆ ಮಂಡಾಳು, ಮಿರ್ಚಿ. ಅರಿಸೆ, ಗುಲಾಬಿ ಹೂವಿನ ತಿಂಡಿ ಮನೆಮನೆಯಲ್ಲೂ ಕರಿಯುತ್ತಾರೆ.

ನಮ್ಮದೇ ಅನ್ನಿಸುವ ಹಬ್ಬ ಅಕ್ಟೋಬರ್ 31, ಸುಧಾರಣೆಯ ದಿನ. ಬಲಿಪೀಠಕ್ಕೆ ಕೆಂಪು ಬಟ್ಟೆ ಹಾಸುತ್ತೇವೆ. ಮರುದಿನ ರಾಜ್ಯೋತ್ಸವ. ನನಗೆ ಆ ಎರಡು ದಿನ ಉಸಿರಾಡಲು ಪುರುಸೊತ್ತಿರಲ್ಲ. ಹಿಂದಿನ ಸಂಜೆ ಕೋಟೆಯ ಹಾಗೆ ದೇವರು ಗಟ್ಟಿ ಅಂತ ಹಾಡಿದ ಮಕ್ಕಳೇ ಬೆಳಿಗ್ಗೆ ಶಾಲೆಯಲ್ಲಿ ನಾಡಗೀತೆ ಹಾಡುತ್ತಾರೆ, ಗಂಟಲು ಕಟ್ಟಿರುತ್ತದೆ.

ಜನ ಹೆಚ್ಚು ಸೇರುವುದು ಮಾತ್ರ ಸುಗ್ಗಿ ಹಬ್ಬಕ್ಕೆ. ಮುಂಗಾರು ಭತ್ತ ಮನೆಗೆ ಬಂದ ಮೇಲೆ ಮೊದಲ ಅಕ್ಕಿ, ಕೋಳಿ, ಕುಂಬಳಕಾಯಿ, ಹಸುವಿನ ಹಾಲು ತಂದು ಇಡುತ್ತಾರೆ. ಆರಾಧನೆ ಆದ ಮೇಲೆ ಹರಾಜು. ಕೊಂಡವರು ಮತ್ತೆ ಸಭೆಗೇ ಕೊಡುತ್ತಾರೆ, ಮತ್ತೆ ಹರಾಜು. ಒಂದೇ ಕುಂಬಳಕಾಯಿ ನಾಲ್ಕು ಸಲ ಮಾರಾಟವಾದದ್ದಿದೆ. 2024ರ ಆಗಸ್ಟಿನಲ್ಲಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಆ ವರ್ಷ ಹಬ್ಬವೇ ಇಲ್ಲ ಅಂದುಕೊಂಡಿದ್ದೆವು. ನಾಟಿ ಮುಗಿಸಿ ಕೂತವರಿಗೆ ನದಿಗೆ ಹರಿದುಹೋಗುವ ನೀರನ್ನು ಟಿವಿಯಲ್ಲಿ ನೋಡೋದು ಅಂದರೆ ಏನು ಅಂತ ಹೇಳೋಕಾಗಲ್ಲ. ಒಂದು ವಾರದಲ್ಲಿ ತಾತ್ಕಾಲಿಕ ಗೇಟ್ ಕೂರಿಸಿದರು, ಆಮೇಲೆ ಮಳೆ ಬಂತು, ಬೆಳೆ ಉಳಿಯಿತು. ಆ ಸಲದ ಹರಾಜಿನಲ್ಲಿ ಕೋಳಿಗಳಿಗೆ ಬಂದ ಬೆಲೆ ಕೋಳಿಗಳೇ ನಂಬಿರಲಿಕ್ಕಿಲ್ಲ.

ನಿಮಗೆ ಫಾರಿನ್ ದುಡ್ಡು ಬರುತ್ತದಂತೆ?

ಬಂದರೆ ಶೌಚಾಲಯದ ಬಾಗಿಲು ಇಷ್ಟು ಹೊತ್ತಿಗೆ ರಿಪೇರಿ ಆಗಿರುತ್ತಿತ್ತು. ನಮ್ಮ ಸಭೆ ನಡೆಯುವುದು ಭಾನುವಾರದ ಕಾಣಿಕೆ, ಸುಗ್ಗಿ ಹರಾಜು ಮತ್ತು ಹಿಡಿ ಅಕ್ಕಿಯಿಂದ. ಹಿಡಿ ಅಕ್ಕಿ ಅಂದರೆ, ಹೆಂಗಸರು ದಿನಾ ಅನ್ನಕ್ಕೆ ಇಡುವಾಗ ಒಂದು ಹಿಡಿ ಬೇರೆ ಡಬ್ಬಕ್ಕೆ ಹಾಕುತ್ತಾರೆ. ತಿಂಗಳಿಗೊಮ್ಮೆ ಎಲ್ಲ ಡಬ್ಬ ಸುರಿದು ಅಳೆಯುತ್ತೇವೆ. ಸಭೆಯ ಮೊದಲ ಗೋಡೆ ಎದ್ದದ್ದು ಆ ಅಕ್ಕಿಯಿಂದ.

ಮತಾಂತರ ಮಾಡುತ್ತೀರಾ?

ಯಾರ ಮನೆಗೂ ಹೋಗಿ ಬಲವಂತ ಮಾಡುವುದಿಲ್ಲ, ಅಕ್ಕಿ ಬೇಳೆ ತೋರಿಸಿ ಕರೆಯುವುದೂ ಇಲ್ಲ. ಸುವಾರ್ತೆ ಹೇಳುವುದು ನಮ್ಮ ನಂಬಿಕೆಯ ಭಾಗ, ಅದನ್ನು ಅಲ್ಲಗಳೆಯಲ್ಲ. ಕೇಳಬೇಕು ಅನ್ನಿಸಿದವರು ಕೇಳುತ್ತಾರೆ. ಸುಮ್ಮನೆ ಕೊಟ್ಟ ಕೃಪೆ ಅಂತ ಸಾರಿ, ಅದಕ್ಕೆ ಆಮಿಷ ಒಡ್ಡಿದರೆ ಚೀಟಿ ಮಾರಿದವರಿಗೂ ನಮಗೂ ಏನು ವ್ಯತ್ಯಾಸ?

ಮದುವೆ ಹೇಗೆ?

1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಪ್ರಕಾರ. ಗಂಡಿಗೆ 21, ಹೆಣ್ಣಿಗೆ 18 ಆಗಿರಬೇಕು. ಮೂರು ಭಾನುವಾರ ಸಭೆಯಲ್ಲಿ ಪ್ರಕಟನೆ ಓದುತ್ತೇವೆ, ತಕರಾರು ಇದ್ದವರು ಹೇಳಬಹುದು. ಬೇರೆ ಸಭೆಯವರಾದರೆ ಅಲ್ಲಿಂದ ಪತ್ರ ತನ್ನಿ. ಕೊನೇ ವಾರ ಬಂದು 'ಛತ್ರ ಬುಕ್ ಆಗಿದೆ ಅಕ್ಕಾ' ಅನ್ನಬೇಡಿ, ದಯವಿಟ್ಟು.

ತೀರಿಕೊಂಡವರನ್ನು ಎಲ್ಲಿ ಮಣ್ಣು ಮಾಡುತ್ತೀರಿ?

ಕಾಲುವೆ ಆಚೆ ಸ್ವಲ್ಪ ಜಾಗ ಇದೆ. ಪಹಣಿಯಲ್ಲಿ ಅದು ಇನ್ನೂ ನಮ್ಮ ಹೆಸರಿಗೆ ಬಂದಿಲ್ಲ. ಅರ್ಜಿ ಕೊಟ್ಟು ಕೊಟ್ಟು ಒಂದು ಕಚೇರಿಯ ಮೆಟ್ಟಿಲು ಸವೆದಿವೆ. ಒಂದು ಸಲ ಫೈಲೇ ಸಿಗಲ್ಲ ಅಂದರು. ತಾತನನ್ನು ಮಣ್ಣು ಮಾಡಿದ ದಿನ ಮಳೆ. ಕಾಲುವೆ ದಾರಿ ಕೆಸರು. ಪಕ್ಕದ ಹಳ್ಳಿಯ ಲಿಂಗಾಯತ ರೈತರೊಬ್ಬರು ತಮ್ಮ ಹೊಲದ ಬದುವಿನ ಮೇಲೆ ಹೋಗಲು ಬಿಟ್ಟರು, ಸಸಿ ತುಳಿದರೂ ಮಾತಾಡಲಿಲ್ಲ. ಅವರಲ್ಲೂ ಹೂಳುವ ಪದ್ಧತಿಯೇ ಅಲ್ವಾ, ಅರ್ಥವಾಗುತ್ತದೆ.

ಹೆಂಗಸರು ಪಾಸ್ಟರ್ ಆಗಬಹುದಾ?

ಭಾರತದ ಹಲವು ಲೂಥರನ್ ಸಭೆಗಳಲ್ಲಿ ಆಗಿದ್ದಾರೆ, ಕೆಲವು ಒಪ್ಪುವುದಿಲ್ಲ. ನಮ್ಮಲ್ಲಿಗೆ ಇನ್ನೂ ಬಂದಿಲ್ಲ. ನಮ್ಮ ಪಾಸ್ಟರ್ ಹಲವು ಊರುಗಳನ್ನು ನೋಡಿಕೊಳ್ಳಬೇಕು. ಅವರು ಬಾರದ ಭಾನುವಾರ ಪ್ರಸಂಗ ಮಾಡುವವರು ಯಾರು ಅಂದುಕೊಂಡಿರಿ?

ಲೂಥರ್ ಹೇಳಿದ್ದೆಲ್ಲ ನಿಮಗೆ ವೇದವಾಕ್ಯವಾ?

ಖಂಡಿತ ಅಲ್ಲ. 1525ರಲ್ಲಿ ಜರ್ಮನಿಯ ರೈತರು ದಂಗೆ ಎದ್ದಾಗ, ಅವರನ್ನು ಹೊಡೆದು ಹಾಕಿ ಎಂದು ದೊರೆಗಳಿಗೆ ಬರೆದರು. ಕೂಲಿಕಾರರ ಸಭೆಯಲ್ಲಿ ಕೂತು ಇದನ್ನು ಓದೋದು ಕಷ್ಟ. 1543ರಲ್ಲಿ ಯೆಹೂದ್ಯರ ವಿರುದ್ಧ ಬರೆದದ್ದು ಇನ್ನೂ ಕೆಟ್ಟದ್ದು. ಲೂಥರನ್ ಜಾಗತಿಕ ಒಕ್ಕೂಟ ಆ ಮಾತುಗಳನ್ನು ಬಹಿರಂಗವಾಗಿ ತಳ್ಳಿಹಾಕಿದೆ. ಮನುಷ್ಯ ಒಂದೇ ಹೊತ್ತಿಗೆ ನೀತಿವಂತನೂ ಹೌದು, ಪಾಪಿಯೂ ಹೌದು ಎಂದು ಕಲಿಸಿದವರೂ ಅವರೇ. ಆ ಮಾತಿಗೆ ಅವರನ್ನೇ ಉದಾಹರಣೆ ಕೊಡುತ್ತೇನೆ.

ನಾನು ಒಂದು ಭಾನುವಾರ ಬಂದು ನೋಡಬಹುದಾ?

ಬನ್ನಿ. ಆರಾಧನೆ ಒಂಬತ್ತೂವರೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಎಂಟಕ್ಕೇ ಶುರು, ಬಿಸಿಲಿಗೆ. ಚಪ್ಪಲಿ ಹೊರಗೆ ಬಿಡಿ. ಗಂಡಸರು ಒಂದು ಬದಿ, ಹೆಂಗಸರು ಒಂದು ಬದಿ ಕೂರುವ ರೂಢಿ, ಕೆಳಗೆ ಕೂರಲು ಆಗದವರಿಗೆ ಹಿಂದೆ ಕುರ್ಚಿ ಇವೆ. ಕಾಣಿಕೆ ಚೀಲ ಬಂದಾಗ ಹಾಕಲೇಬೇಕು ಅಂತಿಲ್ಲ. ಕರ್ತನ ಭೋಜನಕ್ಕೆ ಮಾತ್ರ ದೀಕ್ಷಾಸ್ನಾನ ಆದವರು ಮುಂದೆ ಬರುತ್ತಾರೆ, ಉಳಿದವರು ಕೂತಿರಬಹುದು, ಯಾರೂ ತಿರುಗಿ ನೋಡಲ್ಲ.

ಮೊದಲ ಮತ್ತು ಮೂರನೇ ಭಾನುವಾರ ತೆಲುಗು, ಎರಡನೇ ಮತ್ತು ನಾಲ್ಕನೇ ಭಾನುವಾರ ಕನ್ನಡ. ಐದನೇ ಭಾನುವಾರ ಬರುವ ತಿಂಗಳಲ್ಲಿ ಏನು ಮಾಡಬೇಕು ಅನ್ನೋದು ಮುಂದಿನ ವಾರ್ಷಿಕ ಸಭೆಯ ಅಜೆಂಡಾದಲ್ಲಿದೆ.